ತಿನ್ನದವರ ಕೈಯ ಮೊಟ್ಟೆ

ವೀರಭದ್ರಮ್ಮ ಬೇಯಿಸಿದ ಮೊಟ್ಟೆಯ ಸಿಪ್ಪೆ ಎರಡೇ ಎಳೆತಕ್ಕೆ ಬಿಡುತ್ತಿತ್ತು. ಅವಳು ಬಿಸಿಯೂಟದ ಅಡುಗೆ ಮಾಡುವ, ಹಚ್ಚೊಳ್ಳಿ ಆಚೆಯ ಕ್ಯಾಂಪ್ ಎಂಬ ಸಣ್ಣ ಊರಿನ ಶಾಲೆಯಲ್ಲಿ ಇದು ಮಕ್ಕಳೆಲ್ಲ ಬಲ್ಲ ಸಂಗತಿ. ನೀರಿಗೆ ಒಂದು ಹಿಡಿ ಉಪ್ಪು, ಮೂಗಿಗೆ ಸೆರಗು, ಕೈಯಲ್ಲಿ ಉದ್ದನೆಯ ಜಾಲರಿ ಸೌಟು. ಬೆಂದಿದೆಯೋ ಇಲ್ಲವೋ ಎಂದು ಅನುಮಾನ ಬಂದರೆ ಒಂದನ್ನು ನೆಲದ ಮೇಲೆ ಬುಗುರಿಯಂತೆ ತಿರುಗಿಸಿ ನೋಡುವಳು. ರುಚಿ ನೋಡುವ ಮಾತೇ ಇಲ್ಲ, ಏಕೆಂದರೆ ಕೊರಳಲ್ಲಿ ಲಿಂಗ ಕಟ್ಟಿದ ಮನೆಯವಳು. ಹುಟ್ಟಿದಾಗಿನಿಂದ ಮೊಟ್ಟೆ ಬಾಯಿಗೆ ಇಟ್ಟವಳಲ್ಲ. ಮನೆಗೆ ಹೋದೊಡನೆ ಮೊದಲು ಸ್ನಾನ, ಆಮೇಲೆ ಚಹಾ.

ಆರು ವರ್ಷದಿಂದ ಇದು ಹೀಗೇ ನಡೆದಿತ್ತು. ಮೊಟ್ಟೆ ಒಲ್ಲದ ಮಕ್ಕಳಿಗೆ ಬಾಳೆಹಣ್ಣು, ಬೇಕೆಂದವರಿಗೆ ಮೊಟ್ಟೆ. ಯಾರಿಗೂ ತಕರಾರಿರಲಿಲ್ಲ. ಒಂದು ಮಂಗಳವಾರ ಕೊಟ್ರಬಸಪ್ಪ ಅಡುಗೆಮನೆ ಬಾಗಿಲಿಗೆ ಬಂದು ನಿಂತ. ಶಾಲಾ ಸಮಿತಿಯ ಹೊಸ ಅಧ್ಯಕ್ಷ, ಸಂಬಂಧದಲ್ಲಿ ಅವಳ ಮೈದುನ.

"ಅತ್ತಿಗಿ, ನಿಮ್ಮ ಕಷ್ಟ ನೋಡಾಕ ಆಗವಲ್ದು. ಲಿಂಗ ಕಟ್ಟಿದವರ ಕೈಲೆ ಮೊಟ್ಟಿ ಬೇಯಿಸೋದಂದ್ರೇನು? ಶನಿವಾರ ಮೀಟಿಂಗ್‌ನ್ಯಾಗ ಠರಾವು ಮಾಡಸ್ತೀನಿ. 'ಅಡುಗೆಯವರ ನಂಬಿಕೆಗೆ ಧಕ್ಕೆ ಆಗುತ್ತಿರುವ ಕಾರಣ ಮೊಟ್ಟೆ ನಿಲ್ಲಿಸಬೇಕು.' ಎಲ್ಲಾರಿಗೂ ಬಾಳಿಹಣ್ಣು."

"ನನಗ ಧಕ್ಕಿ ಆಗೇತಿ ಅಂತ ನಾ ಯಾವಾಗ ಅಂದೆ?"

"ನೀವು ಅನ್ನದಿದ್ರೇನು? ನಿಮ್ಮ ಪರವಾಗಿ ಸಮಾಜ ಅಂತೈತಿ."

ಸಮಾಜವನ್ನು ಎದುರು ಹಾಕಿಕೊಳ್ಳುವುದು ಅವಳಿಗೆ ಸುಲಭವಿರಲಿಲ್ಲ. ಮಗಳು ಸೌಂದರ್ಯಳಿಗೆ ಕುರುಗೋಡಿನಲ್ಲಿ ಒಂದು ಸಂಬಂಧ ನೋಡಿದ್ದರು. ಒಳ್ಳೆಯ ಮನೆ, ಹುಡುಗ ಸಿರುಗುಪ್ಪದಲ್ಲಿ ಔಷಧಿ ಅಂಗಡಿ ಇಟ್ಟವನು, ಮುಖ್ಯವಾಗಿ ಸೌಂದರ್ಯಳೇ ಹೂಂ ಅಂದಿದ್ದಳು. ಮಾತುಕತೆ ನಡೆಸುತ್ತಿದ್ದವನು ಇದೇ ಕೊಟ್ರಬಸಪ್ಪ. ಶನಿವಾರ ಸುಮ್ಮನಿದ್ದರೆ ಅವಳ ಹೆಸರಿನಲ್ಲಿ ಮಕ್ಕಳ ಮೊಟ್ಟೆ ನಿಲ್ಲುತ್ತದೆ. ಬಾಯಿ ಬಿಟ್ಟರೆ ಮಗಳ ಸಂಬಂಧ ನಿಂತರೂ ನಿಂತೀತು. ನಾಲ್ಕು ದಿನ ಸಾಂಬಾರಿಗೆ ಉಪ್ಪು ಹೆಚ್ಚುಕಮ್ಮಿ ಆಯಿತು. ಮಕ್ಕಳು ಮುಖ ಹಿಂಡಿಕೊಂಡು ಉಂಡವು.

ಶನಿವಾರ ಪಾಲಕರೆಲ್ಲ ವರಾಂಡದಲ್ಲಿ ಕೂತರು. ದಿನವೂ ಬಳ್ಳಾರಿಯ ಕಂಟೋನ್ಮೆಂಟ್‌ನಿಂದ ಎರಡು ಬಸ್ಸು ಬದಲಿಸಿ ಬರುವ ಹೆಡ್‌ಮಾಸ್ತರು ಪ್ರಾಣೇಶ, ಅಂಗಾರ ಅಕ್ಷತೆ ಇಟ್ಟ ಹಣೆಯ ಬೆವರು ಒರೆಸಿಕೊಂಡು ಮೊದಲೇ ಷರತ್ತು ಹಾಕಿದರು.

"ನೋಡ್ರಿ, ಇದು ಸರ್ಕಾರಿ ಸಾಲಿ. ಇಲ್ಲಿ ದೇವರ ಸುದ್ದಿ ಬ್ಯಾಡ. ಎಲ್ಲಾ ಜಾತಿಯೋರಿಗೂ ಒಪ್ಪೋ ಅಂಥ ಕಾರಣ ಇದ್ರ ಮಾತ್ರ ಮಾತಾಡ್ರಿ."

ಠರಾವಿನ ಹಾಳೆ ತೆರೆದಿದ್ದ ಕೊಟ್ರಬಸಪ್ಪ ಅದನ್ನು ಮಡಚಿ ಜೇಬಿಗಿಟ್ಟ. ಗಂಟಲು ಸರಿಮಾಡಿಕೊಂಡು ಬೇರೆ ದಾರಿ ಹಿಡಿದ. "ಮೊಟ್ಟಿ ಹೀಟ್ರಿ. ಮೊದಲ ನಮ್ಮದು ಬಿಸಿಲ ಸೀಮಿ. ಮಕ್ಕಳಿಗಿ ಮೈಯೆಲ್ಲಾ ಗುಳ್ಳಿ ಏಳ್ತಾವು."

ಹಿಂದಿನ ಸಾಲಿನಿಂದ ಗಾದೆಮ್ಮ ಎದ್ದಳು. ಭತ್ತದ ಗದ್ದೆಯಿಂದ ನೇರ ಬಂದವಳು, ಕಾಲಿನ ಕೆಸರು ಇನ್ನೂ ಆರಿರಲಿಲ್ಲ. "ಅಲ್ಲಪಾ ಅಧ್ಯಕ್ಷಾ, ನಿನ್ನ ಮಗ ಸಿರುಗುಪ್ಪ ಬಸ್‌ಸ್ಟ್ಯಾಂಡಿನ್ಯಾಗ ನಿಂತು ಎಗ್‌ರೈಸ್ ಬಡೀತಾನ. ಅವನಿಗಿ ಗುಳ್ಳಿ ಏಳಂಗಿಲ್ಲೇನು?"

ವರಾಂಡವೆಲ್ಲ ನಕ್ಕಿತು. ಪ್ರಾಣೇಶ ಮಾಸ್ತರೂ ಹಾಜರಿ ಪುಸ್ತಕ ಅಡ್ಡ ಹಿಡಿದು ನಕ್ಕರು. ಕೊಟ್ರಬಸಪ್ಪನ ಕಿವಿ ಕೆಂಪಾಯಿತು. ಆ ನಗುವಿನ ನಡುವೆಯೇ ವೀರಭದ್ರಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದಳು.

"ಸರ, ನಂದೊಂದು ಮಾತೈತ್ರಿ. ಆದ್ರ ಅದು ದೇವರ ಸುದ್ದಿನೇ. ದೇವರನ್ನ ತಗದು ಹೇಳು ಅಂದ್ರ ನನ್ನ ಹತ್ರ ಮಾತೇ ಉಳಿಯಂಗಿಲ್ಲ."

"ಹಂಗಲ್ರೀ ಅಮ್ಮಾ, ಒಬ್ಬರಿಗಿ ಬಿಟ್ರ ಎಲ್ಲಾರೂ..."

"ನಮ್ಮ ಮೈದುನ ಮನಸಿನ್ಯಾಗ ದೇವರನ್ನ ಇಟಗೊಂಡು ಬಾಯಿಲೆ ಹೀಟು ಅಂದ್ರ ನಡೀತೈತಿ. ನಾ ಇದ್ದದ್ದು ಇದ್ದಂಗ ಅಂದ್ರ ನಡೆಯಂಗಿಲ್ಲೇನ್ರಿ?"

ಮಾಸ್ತರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಅವರೂ ಮೊಟ್ಟೆ ಮುಟ್ಟದವರೇ. ಊಟದ ಹೊತ್ತಿಗೆ ತಮ್ಮ ಡಬ್ಬಿ ಹಿಡಿದು ಬೇವಿನ ಮರದಡಿ ಒಬ್ಬರೇ ಹೋಗಿ ಕೂರುವವರು. ಕೊನೆಗೆ, "ಹೇಳ್ರಿ," ಎಂದರು.

"ಲಿಂಗ ಕಟ್ಟಿದ ದಿನ ನಮ್ಮವ್ವ ಎರಡು ಹೇಳಿದ್ಲು. ಮೊಟ್ಟಿ, ಮಾಂಸ ತಿನ್ನಬ್ಯಾಡ ಅಂತ ಒಂದು. ತಾಟು ಹಿಡಕೊಂಡು ಮುಂದ ಬಂದ ಕೂಸು ಯಾರದು ಅಂತ ಕೇಳಬ್ಯಾಡ, ಉಣ್ಣಾಕ ಹಾಕು, ದಾಸೋಹ ಅಂದ್ರ ಅದು ಅಂತ ಇನ್ನೊಂದು. ಮೊದಲನೇದು ನನ್ನ ಹೊಟ್ಟಿಗಿ ಹೇಳಿದ್ದು. ಅದನ್ನ ಗಾದೆಮ್ಮನ ಮಗಳ ಹೊಟ್ಟಿಗಿ ಹಾಕಾಕ ನಾ ಯಾರ್ರಿ?"

"ಹಂಗಾರ ನಿಮಗ ಮುಟ್ಟಾಕ ಹೇಸಿಕಿ ಇಲ್ಲ ಅನ್ರಿ!" ಕೊಟ್ರಬಸಪ್ಪ ಸವಾಲು ಹಾಕಿದ.

"ಐತಪಾ. ಆ ವಾಸನಿಗಿ ಇವತ್ತಿಗೂ ಮೂಗಿಗಿ ಸೆರಗು ಹಿಡೀತೀನಿ. ಬೇಕಾದ್ರ ಅದನ್ನೂ ಬರಕೋ. ಅದಕ್ಕಂತ ಮೊಟ್ಟಿ ಬಂದ್ ಮಾಡ್ರಿ ಅಂತ ಮಾತ್ರ ನನ್ನ ಹೆಸರಲೆ ಬರೀಬ್ಯಾಡ."

ಮಾಸ್ತರು ಗಾದೆಮ್ಮನತ್ತ ತಿರುಗಿದರು. "ನೀವೇನಂತೀರಿ?"

"ಅವರ ದೇವರ ಲೆಕ್ಕ ನನಗ ತಿಳೀದ್ರಿ ಸರ. ಹಸಿದ ಕೂಸಿಗಿ ಹಾಕಬೇಕಂದದ್ದು ತಿಳೀತು. ಇನ್ನ ಮ್ಯಾಲೆ ಮೊಟ್ಟಿ ಬೇಯಿಸಾಕ ನಾನೇ ಬರ್ತೀನಿ. ಅಕ್ಕ ಅನ್ನ ನೋಡಿಕೊಳ್ಳಲಿ."

ಮೊಟ್ಟೆ ಇರಲಿ ಎಂದು ಮೂವರನ್ನು ಬಿಟ್ಟು ಎಲ್ಲರೂ ಕೈ ಎತ್ತಿದರು. ಮಾಸ್ತರು ನಡಾವಳಿಯಲ್ಲಿ ಏನು ಬರೆಯಬೇಕೆಂದು ಬಹಳ ಹೊತ್ತು ಯೋಚಿಸಿ, "ಅಡುಗೆಯವರ ಮಾತು ಕೇಳಿ ಮೊಟ್ಟೆ ಮುಂದುವರಿಸಲಾಗಿದೆ" ಎಂದಷ್ಟೇ ಸೇರಿಸಿದರು. ಕೊಟ್ರಬಸಪ್ಪ ಚಹಾ ಕುಡಿಯದೆ ಬೈಕ್ ಹತ್ತಿ ಹೋದ.

ಸಂಜೆ ಸ್ನಾನ ಮುಗಿಸಿ ಬಂದವಳೇ ವೀರಭದ್ರಮ್ಮ ಸೌಂದರ್ಯಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆದದ್ದನ್ನೆಲ್ಲ ಹೇಳಿದಳು. ಮಗಳು ಉಗುರು ಕಚ್ಚುತ್ತ ಕೇಳಿ, "ಅವರಿಗಿ ನೀನೇ ಹೇಳಿಬಿಡವ್ವ. ಕೊಟ್ರಬಸಪ್ಪ ಕಾಕಾನ ಬಾಯಿಲೆ ಹೋದ್ರ ನೀನು ಮೊಟ್ಟಿ ತಿಂದಿ ಅಂತ ಮುಟ್ಟತೈತಿ," ಎಂದಳು.

ಕುರುಗೋಡಿಗೆ ಫೋನು ಹಚ್ಚಿದರು. ಹುಡುಗನ ತಾಯಿ ಸುನಂದಾ ಪೂರ್ತಿ ಕೇಳಿದಳು. ಆ ಕಡೆ ಕುಕ್ಕರಿನ ಒಲೆ ಆರಿಸಿ ಕೇಳಿದಳು.

"ತಿನ್ನಂಗಿಲ್ಲ ಅಲ್ರೀ?"

"ಇಲ್ರಿ. ಇಷ್ಟು ದಿನ ಬೇಯಿಸೀನಿ, ಗಾದೆಮ್ಮ ಬರದ ದಿನ ಮುಂದೂ ಬೇಯಿಸಬೇಕಾದೀತು. ಆಮ್ಯಾಲೆ ತಿಳಿದು ಮನಸಿಗಿ ಬ್ಯಾಸರ ಆಗೋದು ಬ್ಯಾಡ ಅಂತ ಈಗಲೇ ಹೇಳಾಕತ್ತೀನಿ."

"ನಮ್ಮ ಅತ್ತಿಯವರನ್ನ ಒಂದು ಮಾತು ಕೇಳಬೇಕ್ರಿ. ಗುರುವಾರ ಬಂದು ಕುಂತು ಮಾತಾಡತೀವಿ. ಮಧ್ಯಾಹ್ನ ಬರಲೇನ್ರಿ?"

ಸೌಂದರ್ಯ ಆಗಲೇ ಹೂಂ ಎಂದು ತಲೆಯಾಡಿಸುತ್ತಿದ್ದಳು. ವೀರಭದ್ರಮ್ಮ ಮಗಳ ತೊಡೆಯ ಮೇಲೆ ಕೈಯಿಟ್ಟಳು.

"ನಾಕರ ಮ್ಯಾಲೆ ಬರ್ರಿ ಅಕ್ಕಾ. ಮಧ್ಯಾಹ್ನ ಮಕ್ಕಳದು ಊಟ ಇರತೈತಿ, ಬಿಟ್ಟು ಬರಾಕ ಆಗಂಗಿಲ್ಲ."