ಹುಳದ ಸಾಕ್ಷಿ

ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಒಂದರ ಹಿಂದೊಂದು ಎದ್ದು, ಕೆಲವು ಎದ್ದಷ್ಟೇ ಬೇಗ ಬಾಗಿಲು ಹಾಕಿಕೊಳ್ಳುತ್ತಿದ್ದ ದಿನಗಳವು. ನಾನಾಗ ಐದನೇ ಕ್ಲಾಸು. ಆ ಸಂಜೆ ನಮ್ಮ ಜಗಲಿಯ ಮೇಲಿದ್ದವರು ನಾಲ್ಕೇ ಜನ: ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ, ಅವಳ ಮಗ್ಗುಲಲ್ಲಿ ಕೂತು ಹಸಿಕಾಳು ಕದ್ದು ತಿನ್ನುತ್ತಿದ್ದ ನಾನು, ಅಪ್ಪನ ತಮ್ಮ ಶಿವಣ್ಣ ಚಿಕ್ಕಪ್ಪ, ಮತ್ತೆ ನಮ್ಮ ಹೊಲಕ್ಕೆ ಹೊಂದಿಕೊಂಡೇ ಹೊಲವಿದ್ದ ಪುಟ್ಟಸ್ವಾಮಿ ಮಾವ. ಸೊಗಡವರೆಯ ವಾಸನೆ ಅಂಗಳದ ತುಂಬ ಇತ್ತು.

ಚಿಕ್ಕಪ್ಪ ಕೆಲಸಕ್ಕಿದ್ದ ಫ್ಯಾಕ್ಟರಿ ಆ ವಾರವಷ್ಟೇ ಮುಚ್ಚಿತ್ತು. ಮಿಷನ್ನುಗಳೆಲ್ಲ ಗುಜರಿಗೆ ಹೋಗಿದ್ದವು. ಲಾರಿಗೆ ಲೋಡು ಮಾಡಲು ಹೋಗಿದ್ದ ಚಿಕ್ಕಪ್ಪ, ಯಾರಿಗೂ ಬೇಡವಾಗಿ ಮೂಲೆಯಲ್ಲಿ ಬಿದ್ದಿದ್ದ ಒಂದು ಕಬ್ಬಿಣದ ಗುಂಡನ್ನು ಮೊಪೆಡ್ಡಿನ ಮೇಲೆ ಹೇರಿಕೊಂಡು ಬಂದಿದ್ದ. ನೋಡಲು ಚೊಂಬಿನಷ್ಟು, ಎತ್ತಲು ಹೋದರೆ ಒರಳುಕಲ್ಲಿನಷ್ಟು. ಮೇಲೆ ಹಳದಿ ಬಣ್ಣ ಅರ್ಧ ಕಿತ್ತುಹೋಗಿ, ಫ್ಯಾನಿನ ಮೂರು ರೆಕ್ಕೆಗಳಂಥ ಚಿತ್ರವೊಂದು ಉಳಿದಿತ್ತು. ಚಿಕ್ಕಪ್ಪ ಅದನ್ನು ಉಳಿ, ಸುತ್ತಿಗೆ ಹಿಡಿದು ಒಡೆದ. ಒಳಗೆಲ್ಲ ಸೀಸ. ಸೀಸದ ಹೊಟ್ಟೆಯೊಳಗೆ ಕಿರುಬೆರಳಿನ ತುದಿಯಷ್ಟು ಒಂದು ಸ್ಟೀಲಿನ ತುಂಡು, ಫಳಫಳ ಅನ್ನುತ್ತಿತ್ತು.

"ಕುಂಟೆಬಿಲ್ಲೆಗೆ ಕೊಡು ಚಿಕ್ಕಪ್ಪ," ಅಂದೆ.

"ನಿಂಗಾ? ನಾಳೆಗೇ ಕಳ್ದ್‌ಬುಡ್ತೀಯ. ಓಗು, ಓಡಿನ ಚೂರು ಉಡೀಕೋ."

ಪುಟ್ಟಸ್ವಾಮಿ ಮಾವ ಎದ್ದು ನಿಂತ. ಅವನೂ ಇನ್ನೊಂದು ಫ್ಯಾಕ್ಟರಿಯಲ್ಲಿ ವಾಚ್‌ಮನ್ ಆಗಿದ್ದವನು.

"ಲೇ ಶಿವಣ್ಣ, ಅದು ರೇಡಿಯೇಷನ್ದು ಇರ್ಬೌದು ಕಣ್ಲಾ. ನಮ್ಮ ಗೇಟ್‌ನಾಗೂ ಈ ರೆಕ್ಕೆ ಬೋಲ್ಡು ಐತೆ. ಕಣ್ಗೆ ಕಾಣ್ದಂಗೆ ಸುಡ್ತದಂತೆ. ಮುಟ್ಬ್ಯಾಡ."

"ಗೇಟ್ ಕಾಯೋನ್ಗೆ ಬೋಲ್ಡೆಲ್ಲ ದೆವ್ವವೇ ಬುಡು," ಅಂದು ಚಿಕ್ಕಪ್ಪ ನಕ್ಕ. "ನೋಡು, ತಣ್ಣಗೈತೆ."

ಅಜ್ಜಿ ನಗಲಿಲ್ಲ. ಸಿಪ್ಪೆ ಕೊಡವಿಕೊಂಡು, "ಸುಡ್ತದೋ ಇಲ್ವೋ, ಉಳ ಯೋಳ್ತವೆ ತತ್ತಾ," ಅಂದಳು.

ರೇಷ್ಮೆಹುಳು ಸಾಕಿದ ಮನೆಯವರಿಗೆ ಈ ಮಾತು ಅರ್ಥವಾದೀತು. ನಮ್ಮ ಹುಳುಮನೆಗೆ ಬೀಡಿ ಸೇದಿದವರು ಬರುವಂತಿರಲಿಲ್ಲ. ಒಳಗೆ ಹೋಗುವ ಮುಂಚೆ ಸುಣ್ಣದ ನೀರಿನಲ್ಲಿ ಕಾಲು ಅದ್ದಬೇಕಿತ್ತು. ಬೇಲಿಯಾಚೆ ಯಾರೋ ಟೊಮೆಟೊಗೆ ಔಷಧಿ ಹೊಡೆದರೆ ಇಲ್ಲಿ ತಟ್ಟೆಯಲ್ಲಿ ಹುಳು ಹಸಿರು ಕಕ್ಕಿಕೊಂಡು ಸಾಯುತ್ತಿದ್ದವು. ಮನುಷ್ಯನ ಮೂಗಿಗೆ ತಿಳಿಯದ ವಿಷ ಅವಕ್ಕೆ ತಿಳಿಯುತ್ತಿತ್ತು. ಹುಳ ತಾಳಿಕೊಂಡದ್ದನ್ನು ಮನುಷ್ಯ ತಾಳದೆ ಇರುತ್ತಾನೆಯೇ? ಅಜ್ಜಿಯ ಲೆಕ್ಕ ಅಷ್ಟೇ. ಊರಿನ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು.

ಹುಳು ಆಗ ಕಡೆಯ ಸಲ ಪೊರೆ ಕಳಚುವ ಜ್ವರದಿಂದ ಎದ್ದು ರಾಕ್ಷಸರ ಹಾಗೆ ಸೊಪ್ಪು ಮೇಯುತ್ತಿದ್ದವು. ಅಜ್ಜಿ ಆ ತುಂಡನ್ನು ಒಂದು ತಟ್ಟೆಯ ಮೂಲೆಯಲ್ಲಿ ಸೊಪ್ಪಿನ ಕೆಳಗಿಟ್ಟಳು. ಮಾರನೆಯ ಸಂಜೆ ನಾವೆಲ್ಲ ಹೋಗಿ ನೋಡಿದೆವು. ಸೊಪ್ಪು ಕಡ್ಡಿಯಾಗಿತ್ತು. ಒಂದು ಹುಳ ಆ ತುಂಡಿನ ಮೇಲೇ ತಲೆ ಎತ್ತಿಕೊಂಡು ಕೂತಿತ್ತು. ಹುಳುಮನೆ ತುಂಬ ಅವು ಮೇಯುವ ಸದ್ದು, ಒಣಗಿದ ಎಲೆಗಳ ಮೇಲೆ ಸಣ್ಣ ಮಳೆ ಬಿದ್ದಂಥ ಸದ್ದು.

"ನೋಡ್ದಾ ವಾಚ್‌ಮನ್ನು?" ಅಂದ ಚಿಕ್ಕಪ್ಪ. ಪುಟ್ಟಸ್ವಾಮಿ ಮಾವನೂ ಬಗ್ಗಿ ನೋಡಿದ. "ಅಂಗಾರೆ ಸರಿ ಬುಡು," ಅಂದ. ಅವನದೂ ಹುಳು ಸಾಕುವ ಮನೆಯೇ.

ಮಕ್ಕಳ ಕೈಗೆ ಸಿಕ್ಕರೆ ಕಳೆಯುತ್ತದೆಂದು ಚಿಕ್ಕಪ್ಪ ಅದನ್ನು ಪ್ಯಾಂಟಿನ ಜೇಬಿನಲ್ಲೇ ಇಟ್ಟುಕೊಂಡ. ಸೊಪ್ಪು ತರುವಾಗ, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವಾಗ, ಊಟಕ್ಕೆ ಕೂತಾಗ ಅದು ಅವನ ತೊಡೆಗೆ ಆತುಕೊಂಡೇ ಇತ್ತು. ಆ ಸಲದ ಗೂಡು ಎಷ್ಟು ಗಟ್ಟಿ, ಎಷ್ಟು ಬಿಳಿ ಅಂದರೆ, ರಾಮನಗರದ ಮಾರ್ಕೆಟ್ಟಿನಲ್ಲಿ ನೂಲು ತೆಗೆಯುವ ರೀಲರುಗಳು ಕೈಯಲ್ಲಿ ಆಡಿಸಿ ಕಿವಿಯ ಹತ್ತಿರ ಹಿಡಿದು ನೋಡಿದರಂತೆ. ಚಿಕ್ಕಪ್ಪನಿಗೆ ಮಾತ್ರ ಅಲ್ಲಿ ಕೂರಲು ಆಗಲಿಲ್ಲವಂತೆ. ಮನೆಗೆ ಬಂದವನ ತೊಡೆ ಬಿಸಿನೀರು ಚೆಲ್ಲಿದಂತೆ ಕೆಂಪಗಿತ್ತು.

ಅಜ್ಜಿ ಲೋಳೆಸರ ಹಚ್ಚಿದಳು. ಕೆಂಪು ಬೊಬ್ಬೆಯಾಯಿತು, ಬೊಬ್ಬೆ ಒಡೆದು ಗುಳಿಯಾಯಿತು. ಕನಕಪುರದ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಅಲ್ಲಿಯ ಡಾಕ್ಟರು ಗಾಯವನ್ನು ನೋಡುತ್ತಾ ನಿಂತು, "ಜೇಬಲ್ಲಿ ಏನಿಟ್ಕೊಂಡಿದ್ರಿ?" ಅಂತ ಕೇಳಿದರಂತೆ. ಊರಿಗೆ ಬಂದು ಇದನ್ನು ಹೇಳಿದ್ದು ಅಪ್ಪ.

ಮಾರನೆಯ ದಿನವೇ ಜೀಪುಗಳು ಬಂದವು. ಚಿಕ್ಕಪ್ಪನ ಹಳೆ ಪ್ಯಾಂಟು, ಜೇಬಿನಲ್ಲಿ ಆ ತುಂಡಿನ ಸಮೇತ, ಖಾಲಿ ಹುಳುಮನೆಯ ಮೊಳೆಗೆ ನೇತುಬಿದ್ದಿತ್ತು. ಕೈಯಲ್ಲಿ ಡಬ್ಬಿಯಂಥ ಮಿಷನ್ನು ಹಿಡಿದಿದ್ದ ಒಬ್ಬ ಹುಡುಗಪ್ರಾಯದ ಆಫೀಸರು ಬಾಗಿಲ ಹತ್ತಿರ ಹೋದದ್ದೇ, ಅದು ಬಾಣಲೆಗೆ ಹಾಕಿದ ಸಾಸಿವೆಯಂತೆ ಸಿಡಿಯತೊಡಗಿತು. ನಮ್ಮನ್ನೆಲ್ಲ ದೂರ ಓಡಿಸಿದರು. ಉದ್ದನೆಯ ಇಕ್ಕಳದಲ್ಲಿ ಆ ತುಂಡನ್ನು ಎತ್ತಿ, ದಪ್ಪ ಸೀಸದ ಪಾತ್ರೆಯಲ್ಲಿ ಹಾಕಿ ಮುಚ್ಚಿದರು. ಮನುಷ್ಯನನ್ನು ಕೊಲ್ಲುವಷ್ಟು ರೇಡಿಯೇಷನ್ನನ್ನು ಹುಳುಗಳು ತಾಳಿಕೊಳ್ಳುತ್ತವೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

"ಎಲ್ಲಿಗೆ ತಕ್ಕೊಂಡೋಯ್ತೀರಪ್ಪ ಅದ್ನ?" ಅಂದಳು ಅಜ್ಜಿ.

"ಸೇಫಾದ ಜಾಗಕ್ಕೆ, ಅಜ್ಜಿ."

"ಅಂಗಂದ್ರೆ ಯಾರೂರು?"

ಆಫೀಸರು ಜೀಪು ಹತ್ತಿದ. ಅದನ್ನು ಕೂಟಗಲ್ ಕಡೆಯ ಹಾಳು ಕ್ವಾರಿಯಲ್ಲಿ ಹೂತರೆಂದು ಒಬ್ಬರು, ಉಯ್ಯಂಬಳ್ಳಿ ಆಚೆಯ ಕಾಡಿನಲ್ಲಿ ಎಸೆದರೆಂದು ಇನ್ನೊಬ್ಬರು. ದಾರಿಯಲ್ಲಿ ಮುಚ್ಚಿದ ಲಾರಿ ಕಂಡರೆ ಜನ ತಡೆದು ಟಾರ್ಪಾಲು ಬಿಚ್ಚಿಸುತ್ತಿದ್ದರು. ನಮ್ಮ ಬಾವಿಯ ನೀರನ್ನು ಊರಿನವರು ಮುಟ್ಟುವುದು ಬಿಟ್ಟರು. ನನ್ನ ಜೊತೆ ಕುಂಟೆಬಿಲ್ಲೆಗೂ ಯಾರೂ ಬರಲಿಲ್ಲ.

ಮುಂಗಾರಿಗೆ ಮುಂಚೆ ಚಿಕ್ಕಪ್ಪ ಆಸ್ಪತ್ರೆಯಲ್ಲೇ ತೀರಿಕೊಂಡ.

ನಮ್ಮಲ್ಲಿ ಹೂಳುವುದು ಪದ್ಧತಿ. ಹಿಪ್ಪುನೇರಳೆ ತೋಟದ ಬದುವಿನಲ್ಲಿ ಅಜ್ಜನ ಸಮಾಧಿ ಇತ್ತು, ಅದರ ಕಾಲ ದೆಸೆಯಲ್ಲಿ ಚಿಕ್ಕಪ್ಪನಿಗೆ ಗುಂಡಿ ತೋಡಿಸಿದ್ದರು. ಆಂಬುಲೆನ್ಸು ಊರ ಬಾಗಿಲಿಗೆ ಬಂದಾಗ ಜನ ಅಡ್ಡ ನಿಂತಿದ್ದರು. ಮುಂದೆ ಪುಟ್ಟಸ್ವಾಮಿ ಮಾವ. ಅವನ ಬೋರ್‌ವೆಲ್ ಆ ಬದುವಿನಾಚೆಗೇ ಇತ್ತು.

ಅದೇ ಆಫೀಸರೂ ಬಂದಿದ್ದ. ಎಲ್ಲರ ಎದುರಿಗೇ ಮಿಷನ್ನನ್ನು ಚಿಕ್ಕಪ್ಪನ ತಲೆಯಿಂದ ಕಾಲಿನವರೆಗೆ ಆಡಿಸಿದ. ಅಲ್ಲೊಂದು ಇಲ್ಲೊಂದು ಟಿಕ್ ಅಂದದ್ದು ಬಿಟ್ಟರೆ ಸದ್ದಿಲ್ಲ.

"ನೋಡಿ, ಬಾಡಿಯಲ್ಲಿ ಏನೂ ಇಲ್ಲ. ಸುಟ್ಟಿರೋದು ಆ ತುಂಡು, ಅದನ್ನ ತಗೊಂಡು ಹೋಗಾಯ್ತು. ಇವರನ್ನ ಹೂತರೆ ಮಣ್ಣಿಗಾಗಲಿ ನೀರಿಗಾಗಲಿ ಏನೂ ಆಗಲ್ಲ," ಅಂದ.

ಪುಟ್ಟಸ್ವಾಮಿ ಮಾವ ಅವನ ಕಡೆ ನೋಡಲಿಲ್ಲ. ಅಜ್ಜಿಯನ್ನೇ ನೋಡಿದ. ಕಣ್ಣಲ್ಲಿ ನೀರಿತ್ತು.

"ದೊಡ್ಡವ್ವ, ಉಳ ಸಾಯ್ನಿಲ್ಲ ಅಂತ ನಾವೆಲ್ಲ ನಂಬುದ್ವಿ. ನಾನೂ ನಂಬ್ದೆ. ಈಗ ಮಿಷನ್ನು ಕೂಗ್ನಿಲ್ಲ ಅಂತ ಎಂಗವ್ವ ನಂಬದು? ನಂಗೂ ಮಕ್ಳವೆ."

ಅಪ್ಪ ಅವನ ಕೊರಳಪಟ್ಟಿಗೆ ಕೈ ಹಾಕಿದ. ಅಜ್ಜಿ ಬಿಡಿಸಿದಳು. ಬಹಳ ಹೊತ್ತು ಮಗನ ಪಾದ ಹಿಡಿದುಕೊಂಡು ಕೂತಿದ್ದು, "ತಿರುಗ್ಸಪ್ಪ ಗಾಡಿಯ," ಅಂದಳು ಡ್ರೈವರಿಗೆ.

ಬೆಂಗಳೂರಿನ ಕರೆಂಟಿನ ಚಿತಾಗಾರದಲ್ಲಿ ಚಿಕ್ಕಪ್ಪನನ್ನು ಸುಟ್ಟರು. ನಮ್ಮ ಮನೆತನದಲ್ಲಿ ಸುಟ್ಟದ್ದು ಅವನನ್ನೇ ಮೊದಲು.

ಅಜ್ಜಿ ಮತ್ತೆ ಹುಳು ಮೇಯಿಸಲಿಲ್ಲ. ಬಿದಿರಿನ ತಟ್ಟೆಗಳು ಒಲೆಗೆ ಹೋದವು, ಹುಳುಮನೆಯಲ್ಲಿ ಹುಲ್ಲು ತುಂಬಿದೆವು. ಈಗಲೂ ಸಣ್ಣ ಮಳೆ ಬಿದ್ದಾಗ ನನಗೆ ಆ ಮೇಯುವ ಸದ್ದು ಕೇಳುತ್ತದೆ. ಆದರೆ ಆ ಸದ್ದಿನಲ್ಲಿದ್ದ ಧೈರ್ಯ ಇಲ್ಲ. ಕುಡಿಯುವ ನೀರು, ತಿನ್ನುವ ಸೊಪ್ಪು, ಮಕ್ಕಳು ದಾರಿಯಲ್ಲಿ ಹೆಕ್ಕಿಕೊಂಡು ಬರುವ ಚೂರು, ಯಾವುದನ್ನು ಯಾರ ಮಾತಿನ ಮೇಲೆ ನಂಬಬೇಕೋ ಇವತ್ತಿಗೂ ನನಗೆ ಗೊತ್ತಾಗಿಲ್ಲ. ನಮಗೆ ಒಂದು ಕಾಲಕ್ಕೆ ಗೊತ್ತಿತ್ತು, ಅಥವಾ ಗೊತ್ತಿದೆ ಅಂದುಕೊಂಡು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆವು.

ನಾನು ಡಿಗ್ರಿ ಓದುವಾಗ ಅಜ್ಜಿ ತೀರಿಕೊಂಡಳು. ಸುದ್ದಿ ತಿಳಿದು ಪುಟ್ಟಸ್ವಾಮಿ ಮಾವ ತಾನೇ ಗುದ್ದಲಿ ತಂದು, ಅಜ್ಜನ ಮಗ್ಗುಲಲ್ಲಿ ಅರ್ಧ ಗುಂಡಿ ತೋಡಿದ್ದ. ಅಪ್ಪ ಹೋಗಿ, "ಮಗನ್ನ ಕರ್ಕೊಂಡೋದ ಕಡೀಕೇ ತನ್ನೂ ಕರ್ಕೊಂಡೋಗಿ ಅಂತ ಅವ್ವ ಯೋಳವ್ಳೆ," ಅಂದ. ಮಾವ ತೋಡಿದ ಮಣ್ಣನ್ನು ಮತ್ತೆ ಗುಂಡಿಗೆ ಎಳೆದು ಮುಚ್ಚಿದ. ಊರಿನವರು ಮುಟ್ಟದಿದ್ದ ನಮ್ಮ ಬಾವಿಯಲ್ಲಿ ನೀರು ಸೇದಿ ಕೈಕಾಲು ತೊಳೆದುಕೊಂಡು ಬಂದು, ಅಜ್ಜಿಯ ಜೊತೆ ವ್ಯಾನು ಹತ್ತಿ ಕೂತ.