ಕಂಬಳಿಯ ನಾಲ್ಕು ತೂತು

ನನಗಾಗ ಅರವತ್ತೆಂಟು, ನಾಲ್ಕು ವರ್ಷದ ಹಿಂದಿನ ಮಾತು. ಮೊನ್ನೆ ಕಂಬಳಿಯನ್ನು ಬಿಸಿಲಿಗೆ ಹಾಕುವಾಗ ಸೊಸೆ ಅದರ ಮೂಲೆಗಳನ್ನು ನೋಡಿ, "ಇಲಿ ಕಡದಾವೇನ್ರಿ ಅತ್ತಿ?" ಎಂದಳು. ಇಲಿ ಅಲ್ಲ. ಎದುರುಮನೆ ಅಕ್ಕ ನೆನಪಾದಳು...

ಬನಹಟ್ಟಿಯಲ್ಲಿ ನಾವಿಬ್ಬರೂ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದೆವು. ಅವಳ ಗಲ್ಲದಲ್ಲಿ ಸದಾ ತಂಬಾಕು. ಅಲ್ಲೇ ಕ್ಯಾನ್ಸರ್ ಆಯಿತು, ಕುತ್ತಿಗೆಯಲ್ಲೂ ಒಂದು ಗಡ್ಡೆ. ಆಪರೇಷನ್, ಕರೆಂಟು ಅನ್ನುವ ರೇಡಿಯೇಷನ್ ಎಲ್ಲ ಆದರೂ ಮರಳಿ ಬಂತು. ಅವಳ ಮಗ ಮುಂಬೈಗೆ ಒಯ್ದ. ಅಲ್ಲಿ ನರಕ್ಕೆ ಔಷಧಿ ಬಿಟ್ಟು, ಮರುದಿನ ಬಾಯೊಳಗೆ ಕೆಂಪು ಬೆಳಕು ಹಿಡಿದರಂತೆ. ಆ ಔಷಧಿ ಮೈಯಲ್ಲಿರುತ್ತದೆ, ಒಂದು ತಿಂಗಳು ಮೈಮೇಲೆ ಬಿಸಿಲು ಬೀಳಬಾರದೆಂದು ಹೇಳಿ ಕಳಿಸಿದರು.

ಬೆಳಕಿನಿಂದ ರೋಗ ಸಾಯುತ್ತದೆಯೇ? ನಾನು ನಂಬಲಿಲ್ಲ. ಊರಿಗೆ ಬಂದಾಗ ಅವಳ ಮುಖ ಮೊದಲಿಗಿಂತ ಹೆಚ್ಚು ಬಾತಿತ್ತು.

"ಬೆಳಕು ಬಿದ್ದಲ್ಲೆ ಮೈಯಾಗಿನ ದಂಡು ಎದ್ದು ರೋಗದ ಜೋಡಿ ಬಡದಾಡಾಕತ್ತೈತಂತ. ಬಾವು ಅದರದಂತ, ಡಾಕ್ಟರ್ ಹೇಳ್ಯಾರ," ಎಂದಳು ಅಕ್ಕ.

"ದಂಡು ನಿನಗ ಕಾಣತೈತೇನ್ ಬೇ? ರೋಗ ಬೆಳ್ಯಾಕತ್ತೈತಿ. ಅದು ಕಾಣಬಾರದಂತ ನಿನ್ನ ಕತ್ತಲದಾಗ ಕುಂಡ್ರಿಸ್ಯಾರ."

ನೂಲಿನ ಬಣ್ಣವನ್ನು ಬಲ್ಬಿನ ಕೆಳಗೆ ನೋಡಿ ನಂಬುವವಳಲ್ಲ ನಾನು. ಹೊಸ್ತಿಲಿಗೆ ಒಯ್ದು ಬಿಸಿಲಿಗೆ ಹಿಡಿದರೇ ಖರೆ ಗೊತ್ತಾಗುವುದು. ಬಾವನ್ನೂ ಹಾಗೇ ನೋಡಬೇಕೆನಿಸಿತು. ಕಿಟಕಿಗೆ ಕಟ್ಟಿದ್ದ ಸೀರೆ ಸರಿಸಿ, ಅವಳ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿದೆ. ಬೇಡ, ಬೇಡ ಎಂದಳು. ಬಿಡಲಿಲ್ಲ. ಕೆಂಪಗಿತ್ತು, ಬಿಸಿಯಿತ್ತು, ಮತ್ತೇನೂ ತಿಳಿಯಲಿಲ್ಲ. ಸಂಜೆಗೆ ಗಲ್ಲ, ಕಿವಿ ತುಂಬ ಗುಳ್ಳೆ.

ಮಗ ಕೂಗಾಡಿದ: "ಯಾರ್ ತಗದ್ರು ಸೀರಿ?"

"ನಾನ ತಗದೆಪ್ಪಾ, ಸೆಕಿ ಆಗಿತ್ತು," ಎಂದಳು ಅಕ್ಕ. ನಾನು ಬಾಗಿಲಲ್ಲೇ ನಿಂತಿದ್ದೆ.

ಕೆಲವು ದಿನಕ್ಕೆ ಬಾವು ಇಳಿಯಿತು. ಆಮೇಲೆ ಬೆಳಕೇ ಮುಟ್ಟದ ಕುತ್ತಿಗೆಯ ಗಡ್ಡೆಯೂ ಸಣ್ಣದಾಯಿತು. ನಾನೇ ದಿನಾ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ಆ ದಂಡು ಅಲ್ಲಿಗೂ ಹೋಗಿರಬಹುದು ಎಂದರಂತೆ ಡಾಕ್ಟರು. ಇರಬಹುದು ಎಂದರೆ ಅವರಿಗೂ ಗೊತ್ತಿಲ್ಲ ಎಂದಾಯಿತು.

ಎರಡು ವರ್ಷ ಉಂಡಳು, ಕಂಡಿಕೆ ಸುತ್ತಿದಳು, ನನ್ನನ್ನು ಬೈದಳು. ಕಡೆಗೆ ರೋಗ ಎದೆಗೆ ಇಳಿದು, ತೀರಿಹೋದಳು... ಆ ಎರಡು ವರ್ಷವನ್ನು ಬೆಳಕು ಕೊಟ್ಟಿತೋ, ಅವಳ ಗಟ್ಟಿ ಜೀವವೋ, ನನಗೆ ಇಂದಿಗೂ ಅನುಮಾನ. ಎದುರುಮನೆಯಲ್ಲಿ ಈಗ ಬೇರೆಯವರಿದ್ದಾರೆ. ಸೀರೆ ಸರಿಸಿದವಳು ನಾನೆಂದು ಅವಳ ಮಗನಿಗೆ ನಾನಿನ್ನೂ ಹೇಳಿಲ್ಲ.

ಸೊಸೆಗೂ ಇಷ್ಟೆಲ್ಲ ಹೇಳಲಿಲ್ಲ. ಗುಳ್ಳೆ ಎದ್ದ ಮರುದಿನ ಬೆಳಿಗ್ಗೆ, ಬಿಸಿಲು ಬೀಳುವ ಮೊದಲೇ ಈ ಕಂಬಳಿ ಹೊತ್ತುಕೊಂಡು ಎದುರುಮನೆಗೆ ಹೋದೆ.

"ಈಗರ ನಂಬಿದೇನ್ ಬೇ?" ಎಂದಳು, ಮಲಗಿದಲ್ಲಿಂದಲೇ.

"ಇಲ್ಲ," ಎಂದೆ. ಕಿಟಕಿಗೆ ಕಂಬಳಿ ಹಿಡಿದು ನಾಲ್ಕೂ ಮೂಲೆಗೆ ಮೊಳೆ ಬಡಿದೆ.