ಇಪ್ಪತ್ತೇಳು ಇಂಚಿನ ಪರದೆ

ಮಂಠಾಳದ ಮಹಾರುದ್ರಪ್ಪ ಮೂವತ್ತನಾಲ್ಕು ವರ್ಷ ಸರ್ವೆ ಇಲಾಖೆಯಲ್ಲಿ ಭೂಮಾಪಕರಾಗಿದ್ದವರು. ಹುಮನಾಬಾದ್ ಮತ್ತು ಬಸವಕಲ್ಯಾಣ ತಾಲೂಕುಗಳಲ್ಲಿ ಅವರು ಸರಪಳಿ ಹಿಡಿದು ತುಳಿಯದ ಹೊಲ ಕಡಿಮೆ. ಬದುವಿಗಾಗಿ ಅಣ್ಣತಮ್ಮಂದಿರು ಕೊಡಲಿ ಹಿಡಿದು ನಿಂತಲ್ಲಿಗೂ ಹೋಗಿ, ಮೊದಲು ಅವರ ಮನೆಯ ನೀರನ್ನೇ ಕೇಳಿ ಕುಡಿದು, ನಕಾಶೆಯನ್ನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೂ ನಾಲ್ಕು ಹೆಂಟೆ ಇಟ್ಟು ಮಾತು ಶುರು ಮಾಡುವ ಮನುಷ್ಯ. ಅವರು ಹೇಳಿದ್ದು ಎಂಥವರಿಗೂ ತಿಳಿಯುತ್ತಿತ್ತು.

ನಿವೃತ್ತಿಯಾಗಿ ಬಸವಕಲ್ಯಾಣದ ಮಗನ ಮನೆಯಲ್ಲಿ ನೆಲೆ ನಿಂತ ಮೇಲೆ ಅವರು ಬಾಗಿಲ ಚೌಕಟ್ಟಿಗೆ ಹಾಯತೊಡಗಿದರು. ಒಮ್ಮೆ ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಯನ್ನು ತುಳಿದುಕೊಂಡೇ ನಡೆದುಹೋದರು. "ಲಕ್ಷ್ಯ ಎಲ್ಲದರೀ ನಿಮ್ದು?" ಎಂದು ಹೆಂಡತಿ ಸಂಗಮ್ಮ ಬೈದರು. ಕೊನೆಗೆ ಕಲಬುರಗಿಯ ಕಣ್ಣಿನ ಡಾಕ್ಟರು ಗ್ಲಾಕೋಮಾ ಎಂದರು. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿನ ನೋಟ ಸುತ್ತಲಿನಿಂದ ಮುಚ್ಚುತ್ತ ಬಂದು ನಡುವೆ ಒಂದಿಷ್ಟು ಮಾತ್ರ ಉಳಿದಿತ್ತು. ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದಕ್ಕೆ ದಿನಾ ಎರಡು ಹೊತ್ತು ಔಷಧಿ ಹಾಕಿಕೊಳ್ಳಬೇಕು ಎಂದು ಡಾಕ್ಟರು ಹೇಳಿದರು.

ಔಷಧಿಯ ಚೀಟಿ ಕೊಡುವಾಗ ಅಲ್ಲಿನ ನರ್ಸಮ್ಮ ಇನ್ನೊಂದು ಮಾತು ಹೇಳಿದಳು. "ಈಗ ಕಂಪ್ಯೂಟರ್ ಪೇಪರ್ ಓದಿ ಹೇಳ್ತಾವ್ರೀ ಅಜ್ಜಾರ. ಕಣ್ಣು ಇದ್ದಾಗೇ ಕಲ್ತು ಬಿಡ್ರಿ. ಆಮ್ಯಾಲೆ ಕಲ್ಯೂದು ಕಠಿಣ ಆಗ್ತದ."

ಆ ಮಾತು ಮಹಾರುದ್ರಪ್ಪನವರ ತಲೆಯಲ್ಲಿ ಕೂತುಬಿಟ್ಟಿತು. ಪತ್ರಿಕೆಯನ್ನು ಮೊದಲ ಸಾಲಿನಿಂದ ಕೊನೆಯ ಜಾಹೀರಾತಿನವರೆಗೆ ಓದುತ್ತಿದ್ದ ಅವರಿಗೆ ಈಗ ಬೂದು ಕಾಗದದ ಮೇಲಿನ ಅಕ್ಷರ ಕಾಗದದಲ್ಲೇ ಕರಗಿದಂತೆ ಕಾಣುತ್ತಿತ್ತು. ಮೊಬೈಲಿನ ನುಣ್ಣನೆಯ ಗಾಜಿನ ಮೇಲೆ ಬೆರಳಿಗೆ ದಿಕ್ಕು ತಿಳಿಯುತ್ತಿರಲಿಲ್ಲ. ಯಾರಿಗೋ ಮಾಡಲು ಹೋದ ಫೋನು ಯಾರಿಗೋ ಹೋಗುತ್ತಿತ್ತು. ಆದರೆ ಕೀಲಿಮಣೆ ಹಾಗಲ್ಲ. ಕಚೇರಿಯಲ್ಲಿ ಕೊನೆಯ ಹತ್ತು ವರ್ಷ ಅವರೇ ಕನ್ನಡದಲ್ಲಿ ವರದಿ ಟೈಪು ಮಾಡುತ್ತಿದ್ದರು. ಕೀಲಿಗಳು ಬೆರಳಿಗೆ ಗೊತ್ತಿದ್ದವು.

ಮಗ ಸತೀಶಕುಮಾರನದು ಸಿಮೆಂಟು, ಕಬ್ಬಿಣದ ಅಂಗಡಿ. ತಂದೆ ಕಂಪ್ಯೂಟರ್ ಬೇಕೆಂದಾಗ ಅವನು ಒಂದು ಮಾತೂ ಎದುರಾಡಲಿಲ್ಲ. ಮರುದಿನವೇ ಬೈಕಿನ ಹಿಂದೆ ಕೂರಿಸಿಕೊಂಡು ಪೇಟೆಯ ಅಂಗಡಿಗೆ ಕರೆದೊಯ್ದ.

ಅಂಗಡಿಯ ಹುಡುಗ ಅಜೀತ ಮಾತಾಡಿದ್ದೆಲ್ಲ ಸತೀಶನೊಡನೆ. "ಅಂಕಲ್‌ರ ಕಣ್ಣು ಸ್ವಲ್ಪ ವೀಕ್ ಅವ ಅಲ್ರೀ? ಹಂಗಾರ ದೊಡ್ಡ ಸ್ಕ್ರೀನೇ ತಗೋರಿ. ಇಪ್ಪತ್ತೇಳು ಇಂಚಿಂದು ಬಂದದ. ಮನಿ ಮಂದಿಗೆಲ್ಲ ಆಗ್ತದ."

"ದೊಡ್ಡದು ನನಗ ತ್ರಾಸ ಆಗ್ತದ. ಸಣ್ಣದು ತೋರಸ್ರಿ" ಎಂದರು ಮಹಾರುದ್ರಪ್ಪ.

ಅಜೀತ ನಕ್ಕ. "ಸಣ್ಣದ್ರಾಗ ಹ್ಯಾಂಗ ಕಾಣ್ತದ್ರೀ ಅಂಕಲ್?" ಎಂದು ಅವರನ್ನು ದೊಡ್ಡ ಪರದೆಯ ಮುಂದೆ ಕೂರಿಸಿದ. ಒಂದು ಅಕ್ಷರ ಹಾಕಿದ. "ಯಾವ ಅಕ್ಷರ, ಹೇಳ್ರಿ?"

ಮಹಾರುದ್ರಪ್ಪನವರಿಗೆ ಕಂಡದ್ದು ಒಂದು ಕಪ್ಪು ಬಾಗು ಮಾತ್ರ. ಅಕ್ಷರದ ಉಳಿದ ಭಾಗ ಅವರ ನೋಟದ ಹೊರಗಿತ್ತು. ಅವರು ಸುಮ್ಮನಿದ್ದದ್ದು ನೋಡಿ ಅಜೀತ ಅಕ್ಷರವನ್ನು ಇನ್ನೂ ದೊಡ್ಡದು ಮಾಡಿದ. ಈಗ ಬಾಗೂ ಹೋಗಿ ಬರೀ ಕಪ್ಪು ಉಳಿಯಿತು. ಅಜೀತ ಮತ್ತೂ ದೊಡ್ಡದು ಮಾಡಿದ.

"ಈಗಾರ?"

"ಗ ಇರಬೇಕು" ಎಂದು ಅಂದಾಜಿನಲ್ಲಿ ಹೇಳಿದರು.

ಅದು 'ಕ' ಆಗಿತ್ತು. ಮಗನ ಮುಖ ಅವರಿಗೆ ಕಾಣುತ್ತಿರಲಿಲ್ಲ, ಆದರೆ ಅವನು ಉಸಿರು ಹಿಡಿದು ಬಿಟ್ಟದ್ದು ಕೇಳಿಸಿತು. 'ಅಪ್ಪನ ಕಣ್ಣು ಇಷ್ಟು ಹೋಗಿದೆಯೇ' ಎಂಬ ಉಸಿರು ಅದು.

ಹೊರಗೆ ಬಂದ ಮೇಲೆ ಬೈಕಿನ ಹತ್ತಿರ ನಿಂತು ಅವರು ತಿಳಿಸಿ ಹೇಳಲು ನೋಡಿದರು. "ನೋಡು ಸತೀಶ, ನನ್ನ ಕಣ್ಣಿನ ಚಕ್ಕುಬಂದಿ ಸಣ್ಣದಾಗ್ಯದ. ನಾಕೂ ಕಡಿಂದ ಒತ್ತುವರಿ ಆಗ್ಯದ. ನಡುವಿನ ತುಂಡು ಇನ್ನಾ ಛಲೋ ಅದ. ಅದ್ರಾಗ ಹಿಡಿಸೂದು ಅಷ್ಟೇ ನನಗ ಕಾಣ್ತದ. ಅಕ್ಷರ ದೊಡ್ಡದಾತಂದ್ರ..."

ಸತೀಶನ ಫೋನು ರಿಂಗಾಯಿತು. ಸಿಮೆಂಟಿನ ಲಾರಿ ಬಂದು ನಿಂತಿತ್ತು, ಹಮಾಲರು ಕಾಯುತ್ತಿದ್ದರು. "ನೀ ಫಿಕರ್ ಮಾಡಬ್ಯಾಡ ಅಪ್ಪಾ, ನಾ ನೋಡ್ಕೋತೀನಿ" ಎಂದು ಅವನು ಬೈಕು ಚಾಲೂ ಮಾಡಿದ.

ಎರಡು ದಿನ ಬಿಟ್ಟು ಮಹಾರುದ್ರಪ್ಪ ಸಂಗಮ್ಮನನ್ನು ಕರೆದುಕೊಂಡು ಬಸ್ಸು ಹತ್ತಿ ಹುಮನಾಬಾದಿಗೆ ಹೋದರು. ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನಸೀರ್ ಅವರಿಗೆ ಹಳೆಯ ಪರಿಚಯ. ಸರ್ವೆ ಕಚೇರಿಯ ಯಂತ್ರ ಕೆಟ್ಟಾಗಲೆಲ್ಲ ಬರುತ್ತಿದ್ದವನು. ಬಸ್ ನಿಲ್ದಾಣದಿಂದ ಅಂಗಡಿಯವರೆಗೆ ಅವರು ಸಂಗಮ್ಮನ ಭುಜ ಹಿಡಿದೇ ನಡೆದರು. ಇದೇ ಊರಿನ ನಕಾಶೆ ಒಂದು ಕಾಲಕ್ಕೆ ಅವರ ಬಾಯಲ್ಲಿತ್ತು.

ನಸೀರ್ ಕುರ್ಚಿ ಹಾಕಿ, ಚಹಾ ತರಿಸಿ, ಎದುರಿಗೆ ಕುಳಿತ. "ಸಾಹೇಬ್ರ, ನಿಮಗ ಹ್ಯಾಂಗ ಕಾಣ್ತದ? ಅದು ಮೊದಲು ಹೇಳ್ರಿ."

ಇಷ್ಟು ದಿನದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಮಹಾರುದ್ರಪ್ಪ ನಿಧಾನವಾಗಿ ಹೇಳಿದರು. ನಸೀರ್ ಪೂರ್ತಿ ಕೇಳಿ, ಒಂದು ಹಾಳೆಯನ್ನು ಕೊಳವೆಯಂತೆ ಸುತ್ತಿ, ಒಂದು ಕಣ್ಣು ಮುಚ್ಚಿ ಅದರೊಳಗಿಂದ ತನ್ನ ಅಂಗಡಿಯ ಪರದೆಯನ್ನು ನೋಡಿದ. ಸ್ವಲ್ಪ ಹೊತ್ತು ಹಾಗೇ ನೋಡುತ್ತಿದ್ದ.

"ಅರೇ! ಇದು ಹಿಂಗದ ಅಂದ್ರ ದೊಡ್ಡ ಸ್ಕ್ರೀನಿನ ಮ್ಯಾಲೆ ನೀವು ಹುಡುಕೂದೇ ಆಗ್ತದ. ನಿಮಗ ಹದಿನಾಲ್ಕು ಇಂಚಿನ ಲ್ಯಾಪ್‌ಟಾಪ್ ಸಾಕ್ರೀ ಸಾಹೇಬ್ರ."

ಒಂದು ಸಣ್ಣ ಲ್ಯಾಪ್‌ಟಾಪ್ ತಂದು ಹಿನ್ನೆಲೆ ಕಪ್ಪು ಮಾಡಿದ, ಅಕ್ಷರ ಬಿಳಿ ಮಾಡಿದ, ತೀರಾ ದೊಡ್ಡದಲ್ಲದ ಅಳತೆಗೆ ತಂದ. ಮಹಾರುದ್ರಪ್ಪ ಬಗ್ಗಿ ನೋಡಿದರು. ಮೂರು ಪದ ಒಟ್ಟಿಗೆ ಕಂಡವು. ಓದಿದರು. ತಲೆ ಸ್ವಲ್ಪ ಸರಿಸಿ ಮುಂದಿನ ಮೂರು ಪದ ಓದಿದರು.

ಆಮೇಲೆ ಧ್ವನಿ. ನಸೀರ್ ಒಂದು ಕನ್ನಡ ಪತ್ರಿಕೆಯ ಪುಟ ತೆರೆದು ಓದಲು ಹಚ್ಚಿದ. ಯಂತ್ರ ಅಲ್ಲಲ್ಲಿನ ಇಂಗ್ಲಿಷ್ ಪದ, ಅಂಕಿ ಮಾತ್ರ ಓದಿತು. ಕನ್ನಡ ಬಂದಲ್ಲೆಲ್ಲ ಬಾಯಿ ಮುಚ್ಚಿತು.

"ಮೂಕ ಆತೇನಪಾ ಇದು?" ಎಂದರು ಸಂಗಮ್ಮ.

ಅರ್ಧ ಗಂಟೆ ಕುಳಿತು ನಸೀರ್ ಏನೇನೋ ಹುಡುಕಿ ಇಳಿಸಿಕೊಂಡ. ಕೊನೆಗೆ ಮೂಗು ಹಿಡಿದುಕೊಂಡು ಯಾರೋ ಓದಿದಂಥ ಕನ್ನಡ ಹೊರಟಿತು. ಹುಮನಾಬಾದ್ ರಸ್ತೆ ದುರಸ್ತಿಯ ಸುದ್ದಿ. ಮಹಾರುದ್ರಪ್ಪ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ಕೊನೆಯ ತನಕ ಕೇಳಿದರು. ಮುಂದಿನ ವಾರ ಹೊಸದನ್ನು ತರಿಸಿ, ಎಲ್ಲ ಹೊಂದಿಸಿ ಕೊಡುವುದೆಂದು ಮಾತಾಯಿತು.

ಮರಳುವಾಗ ಬಸ್ಸಿನಲ್ಲಿ, ಸಂಜೆ ಸತೀಶನಿಗೆ ಹೇಗೆ ಹೇಳಬೇಕೆಂದು ಅವರು ಮನಸ್ಸಿನಲ್ಲೇ ಜೋಡಿಸಿಕೊಂಡರು. ಮನೆಗೆ ಬಂದರೆ ಬಾಗಿಲಲ್ಲೇ ಊದುಬತ್ತಿಯ ವಾಸನೆ. ಪಡಸಾಲೆಯ ಮೇಜಿನ ಮೇಲೆ ಇಪ್ಪತ್ತೇಳು ಇಂಚಿನ ಕಂಪ್ಯೂಟರು ಬಂದು ಕುಳಿತಿತ್ತು. ಸೊಸೆ ಪೂನಂ ಅದರ ಅಂಚಿಗೆ ಕುಂಕುಮ ಹಚ್ಚಿ ಕಾಯಿ ಒಡೆಸಿದ್ದಳು. ಸತೀಶ ತಂದೆಯ ಕೈ ಹಿಡಿದು ತಂದು ಪರದೆಯ ಮೇಲೆ ಇಟ್ಟ.

"ಅಪ್ಪಾ, ಬಜಾರಿನ್ಯಾಗ ಇದಕ್ಕಿಂತ ದೊಡ್ಡದು ಇಲ್ಲ. ಇನ್ನ ನಿನಗ ತಕ್ಲೀಫ್ ಇಲ್ಲ ನೋಡು."

ಸಂಗಮ್ಮ ಬಾಯಿ ತೆರೆದರು. ಮಹಾರುದ್ರಪ್ಪ ಆಕೆಯ ಮಣಿಕಟ್ಟನ್ನು ಒತ್ತಿದರು. "ಛಲೋ ಮಾಡ್ದಿ" ಎಂದರು ಮಗನಿಗೆ. ಮರುದಿನ ನಸೀರನಿಗೆ ಫೋನು ಮಾಡಿಸಿ, ತರಿಸುವುದು ಬೇಡವೆಂದರು. ನಸೀರ್, "ರವಿವಾರ ನಾನೇ ಬಂದು ಅದಕ್ಕ ಧ್ವನಿ ಹಾಕಿ ಕೊಡ್ತೀನ್ರೀ" ಎಂದ.

ರವಿವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಆ ನಾಲ್ಕು ದಿನ ಅವರು ಮೌಸಿನ ಬಾಣ ಹುಡುಕಿದರು. ಮೇಲಿನ ಎಡಮೂಲೆಯಿಂದ ಶುರು ಮಾಡಿ, ಸಾಲು ಹಿಡಿದು, ಬೆಳೆದ ತೊಗರಿಯಲ್ಲಿ ಹೂತ ಬಾಂದು ಕಲ್ಲು ಹುಡುಕಿದಂತೆ ಹುಡುಕುವರು. ಸಿಕ್ಕಿತು ಎನ್ನುವಷ್ಟರಲ್ಲಿ ಕೈ ಅಲುಗಿ ಮತ್ತೆ ಕಾಣೆ. ಕುತ್ತಿಗೆ ಹಿಡಿದುಕೊಂಡಿತು. ಮೂರನೆಯ ದಿನ ಏನೋ ಒತ್ತಿ, ಸತೀಶ ತೆರೆದಿಟ್ಟಿದ್ದ ಅಂಗಡಿಯ ಲೆಕ್ಕದ ಪುಟ ಮಾಯವಾಯಿತು. "ಮಾವಾರ, ಯಾವ ಗುಂಡಿ ಒತ್ತಿದ್ರಿ?" ಎಂದು ಪೂನಂ ಕೇಳಿದಳು. ಬೈದು ಕೇಳಿದ್ದಲ್ಲ. ಆದರೂ ಅಂದಿನಿಂದ ಅವರು ಅದರ ಮುಂದೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂರತೊಡಗಿದರು.

ಸಂಗಮ್ಮನಿಗೆ ತಡೆಯಲಾಗಲಿಲ್ಲ. ಮಗ ಊಟಕ್ಕೆ ಬಂದಾಗ ಹುಮನಾಬಾದಿನ ಸಂಗತಿಯನ್ನೆಲ್ಲ ಹೇಳಿಬಿಟ್ಟರು.

ಸತೀಶ ತುತ್ತು ಕೆಳಗಿಟ್ಟ. "ಅಂಗಡ್ಯಾಗ ಯಾಕ ಹೇಳ್ಲಿಲ್ಲ ಅಪ್ಪಾ?"

"ಹೇಳ್ದೆ."

ಸತೀಶನಿಗೆ ಅದು ನೆನಪಾದಂತಿತ್ತು. ಕೈ ತೊಳೆದು ಬೈಕು ಹತ್ತಿ ಹೋದ. ಪೆಟ್ಟಿಗೆ ಒಡೆದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಅಂಗಡಿಯವರು ಹೇಳಿದರು. ಮರಳಿ ಬಂದು ಹೆಲ್ಮೆಟ್ಟು ಕೂಡ ತೆಗೆಯದೆ ಹೊರಗಿನ ಕಟ್ಟೆಯ ಮೇಲೆ ಕುಳಿತ.

ರವಿವಾರ ನಸೀರ್ ಬಂದ. ಧ್ವನಿ ಹಾಕಿದ. ದೊಡ್ಡ ಪರದೆಯ ನಡುವೆ ಅಂಗೈಯಷ್ಟು ಕಿಟಕಿ ಮಾಡಿ ಅದರಲ್ಲಿ ಅಕ್ಷರ ಬರುವಂತೆ ಮಾಡಿದ. ಮೌಸು ಮುಟ್ಟದೆ ಕೀಲಿಗಳಿಂದಲೇ ನಡೆಸುವುದನ್ನು ಮೂರು ಸಲ ಹೇಳಿಕೊಟ್ಟ. ಅವನಿರುವವರೆಗೆ ಎಲ್ಲ ಬಂತು. ಹೋದ ಮೇಲೆ ಅರ್ಧ ಮರೆಯಿತು. ಅಷ್ಟರಲ್ಲಿ ಕಂಪ್ಯೂಟರಿಗೂ ಬೇರೆ ಕೆಲಸಗಳು ಬಂದಿದ್ದವು. ಸತೀಶನ ಅಂಗಡಿಯ ಬಿಲ್ಲು, ಪೂನಂಳ ಸ್ವಸಹಾಯ ಸಂಘದ ಕಾಗದಪತ್ರ, ಸಂಜೆ ಧಾರಾವಾಹಿ. ಮಹಾರುದ್ರಪ್ಪನವರಿಗೆ ಉಳಿದದ್ದು ಬೆಳಿಗ್ಗೆ ಹತ್ತರಿಂದ ಹನ್ನೊಂದು. ಅದನ್ನು ಯಾರೂ ನಿಗದಿ ಮಾಡಿರಲಿಲ್ಲ, ಹಾಗೇ ಆಗಿಬಿಟ್ಟಿತ್ತು.

ಮೂರು ತಿಂಗಳ ತಪಾಸಣೆಗೆ ಕಲಬುರಗಿಗೆ ಹೋದಾಗ ಈ ಸಲ ಸತೀಶ ಅಂಗಡಿ ಮುಚ್ಚಿ ಜೊತೆಗೆ ಬಂದ. ನೋಟದ ಪರೀಕ್ಷೆಯ ಕಾಗದದಲ್ಲಿ, ಕಾಣದ ಭಾಗ ತೋರಿಸುವ ಕಪ್ಪು ಹೆಚ್ಚಾಗಿತ್ತು. ಡಾಕ್ಟರು ಔಷಧಿ ಬದಲಿಸಿದರು, ಬೇರೇನೂ ಭರವಸೆ ಕೊಡಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ತಂದೆಯ ಎದುರಿಗೆ ಸತೀಶ ಕುಕ್ಕರಗಾಲಲ್ಲಿ ಕುಳಿತ.

"ಅಪ್ಪಾ, ಈಗ ಎಷ್ಟು ಕಾಣ್ತದ?"

ಮಹಾರುದ್ರಪ್ಪ ಅವನನ್ನು ನೋಡಿದರು. "ನಿನ್ನ ಮೂಗು ಕಾಣ್ತದ. ಕಣ್ಣು ನೋಡಬೇಕಂದ್ರ ಮತ್ತ ಹುಡುಕಬೇಕು."

ಸತೀಶ ತಲೆ ತಗ್ಗಿಸಿದ. ಆಗ ಅವರಿಗೆ ಕಂಡದ್ದು ಅವನ ನೆತ್ತಿಯ ನಾಲ್ಕು ಬಿಳಿಕೂದಲು.

ಮರುದಿನ ಹತ್ತು ಗಂಟೆಗೆ ಅವರು ಕಂಪ್ಯೂಟರಿನ ಮುಂದೆ ಕುಳಿತು, "ಪೂನಂ, ಇದರ ಪರದೆ ಅಷ್ಟೇ ಆರಸವ್ವಾ. ಧ್ವನಿ ಇರಲಿ" ಎಂದರು. ಪೂನಂ ಯಾಕೆಂದು ಕೇಳದೆ ಪತ್ರಿಕೆಯ ಪುಟ ಹಚ್ಚಿಕೊಟ್ಟು, ಪರದೆ ಆರಿಸಿ, ಒಗೆದ ಬಟ್ಟೆಯ ಬಕೀಟು ಹಿಡಿದು ಮಾಳಿಗೆಗೆ ಹೋದಳು. ಸಂಗಮ್ಮ ಪಕ್ಕದ ಮನೆಯಲ್ಲಿದ್ದರು. ಆರಿದ ಪರದೆಯಿಂದ ಧ್ವನಿ ಓದತೊಡಗಿತು. ಒಂದು ಸುದ್ದಿ ಅರ್ಥವಾಯಿತು, ಇನ್ನೊಂದು ಬೇಗ ಓಡಿತು. ನಿಲ್ಲಿಸಿ ಹಿಂದಕ್ಕೆ ಹೋಗಬೇಕೆಂದು ಅವರು ಒಂದು ಕೀಲಿ ಒತ್ತಿದರು. ಧ್ವನಿ ಇನ್ನೂ ಜೋರಾಯಿತು. ಮತ್ತೊಂದು ಒತ್ತಿದರು; ಅದು ಸುದ್ದಿ ಬಿಟ್ಟು ಧಾರಣೆಯ ಪಟ್ಟಿಗೆ ಹಾರಿತು. ತೊಗರಿ, ಹೆಸರು, ಉದ್ದು, ಕಡಲೆ.

"ಪೂನಂ" ಎಂದು ಕರೆದರು. ಧ್ವನಿಯ ಗದ್ದಲದಲ್ಲಿ ಅವರ ಮಾತು ಅವರಿಗೇ ಕೇಳಲಿಲ್ಲ. ನಿಲ್ಲಿಸುವ ಕೀಲಿ ಯಾವುದೆಂದು ನಸೀರ್ ಹೇಳಿದ್ದ. ಬೆರಳುಗಳನ್ನು ಒಂದೊಂದಾಗಿ ಕೀಲಿಗಳ ಮೇಲೆ ಆಡಿಸಿದರು, ಯಾವುದನ್ನೂ ಒತ್ತುವ ಧೈರ್ಯ ಬರಲಿಲ್ಲ. ಪೂನಂ ಬಟ್ಟೆ ಒಣಹಾಕಿ ಕೆಳಗಿಳಿದು ಬರುವವರೆಗೆ ಹಾಗೇ ಕೂತಿದ್ದರು. ಯಂತ್ರ ಅಷ್ಟೂ ಮಾರುಕಟ್ಟೆಗಳ ಧಾರಣೆ ಓದಿ ಮುಗಿಸಿ, ಮತ್ತೆ ಮೊದಲಿನಿಂದ ಶುರು ಮಾಡಿತ್ತು.